ಶಾಲು, ಹಾರ ಮತ್ತು ಕೊರಳಿನ ತೂತು

ನೀವು ಇದನ್ನು ನಂಬುವುದಿಲ್ಲ. ನಂಬಬೇಡಿ ಎಂದು ನಾನೇ ಹೇಳುತ್ತಿದ್ದೇನೆ. ಹೈದರಾಬಾದಿನಲ್ಲಿ, ಸಭಾಂಗಣದ ತುಂಬ ಕುಳಿತ ಕನ್ನಡಿಗರ ಎದುರಿಗೆ, ಫೋಟೋದವನು ಫೋಟೋ ಹೊಡೆಯುತ್ತಿರುವಾಗಲೇ ನನಗೆ ಶಾಲು ಹೊದಿಸಿ, ಹಾರ ಹಾಕಿ, ಇನ್ನೇನು ಕೊಂದೇಬಿಟ್ಟಿದ್ದರು. ಕೊಲ್ಲುತ್ತಿದ್ದವರೆಲ್ಲ ನನ್ನ ಗೆಳೆಯರು. ಅವರು ನಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟುತ್ತಿದ್ದೆ.

ಸುಳ್ಳು ಹೇಳುವುದರಲ್ಲಿ ನನ್ನ ಹೆಸರು ದೊಡ್ಡದು. ಆದ್ದರಿಂದ ನಿಮ್ಮ ಜೊತೆ ಒಂದು ಕರಾರು ಮಾಡಿಕೊಳ್ಳುತ್ತೇನೆ. ಈ ಬರಹದಲ್ಲಿ ಒಂದೇ ಒಂದು ವಿವರ ನಾನು ಹುಟ್ಟಿಸಿದ್ದು. ಮಿಕ್ಕಿದ್ದೆಲ್ಲ ನಡೆದದ್ದು. ಜಾಣರಿದ್ದರೆ ಹುಡುಕಿ. ಸಿಗದಿದ್ದರೆ ಕೊನೆಯಲ್ಲಿ ನಾನೇ ಹೇಳುತ್ತೇನೆ, ಹೇಳಲು ಮನಸ್ಸಿಲ್ಲದಿದ್ದರೂ.

ನನ್ನ ಹೆಸರು ಭೀಮರಾವ್. ಮೂಲ ಗದಗ, ಈಗ ಮನೆ ಹೈದರಾಬಾದಿನ ಲಿಂಗಂಪಲ್ಲಿ. ಕೇಂದ್ರ ಸರಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ತಲೆ ಬೆಳ್ಳಗೆ ಮಾಡಿಕೊಂಡವನು. ಕೈಯಲ್ಲಿ ಲೇತ್ ಇದ್ದರೆ ಬಾಯಲ್ಲಿ ಇಡೀ ಕಾರ್ಖಾನೆ ಇತ್ತು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಗೋಡೆಯ ಆಚೆ ನಿಂತು ಫೋರ್‌ಮನ್ ದನಿಯಲ್ಲಿ "ಸಬ್ ಛೋಡೋ, ಕ್ಯಾಂಟೀನ್ ಚಲೋ" ಅಂದರೆ ಇಡೀ ಶಿಫ್ಟು ಎದ್ದು ಕ್ಯಾಂಟೀನಿಗೆ ಹೋಗುತ್ತಿತ್ತು. ಒಮ್ಮೆ ಫೋರ್‌ಮನ್ನೂ ಹೋಗಿ ಕುಳಿತಿದ್ದ. ಇದು ಆ ಹುಟ್ಟಿಸಿದ ವಿವರ ಅಲ್ಲ.

ನನ್ನ ಆಟ ನಡೆಯದ ಜಾಗ ಒಂದೇ, ಮನೆ. ಹೆಂಡತಿ ಕಸ್ತೂರಿಯನ್ನು ನನ್ನಿಂದ ಒಂದು ಸಲವೂ ಏಮಾರಿಸಲಾಗಿಲ್ಲ. ಓಡೋಡಿ ಬಂದು, ಏದುಸಿರು ಬಿಡುತ್ತ, "ನಿಮ್ಮಪ್ಪ ಬಂದಾರ, ಲಿಂಗಂಪಲ್ಲಿ ಸ್ಟೇಷನ್ನಿನಾಗ ಕೂತಾರ" ಎಂದರೆ ಅವಳು ನನ್ನ ಮುಖ ಒಂದು ಗಳಿಗೆ ನೋಡಿ, ಮತ್ತೆ ಅಕ್ಕಿ ಆರಿಸುತ್ತ, "ಕೂತಿರ್ಲಿ ಬಿಡ್ರಿ, ದಣಿದಿರ್ತಾರ" ಎನ್ನುತ್ತಿದ್ದಳು. ಹೇಗೆ ಗೊತ್ತಾಯಿತು ಎಂದು ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ. ಅದನ್ನು ಹೇಳಿದ್ದು ಶಾಲಿನ ಪ್ರಸಂಗ ಆದಮೇಲೆ.

ನಿವೃತ್ತಿಯಾಗಿ ಕೆಲವು ವರ್ಷಕ್ಕೆ ನನ್ನ ದನಿ ಒಡೆಯಿತು. ಮೊದಲು ಖುಷಿಯೇ ಆಯಿತು. ಒಡಕು ದನಿಯಲ್ಲಿ ಮುದುಕರನ್ನು ಅಣಕಿಸುವುದು ಸುಲಭ. ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಪಾಟೀಲ, ಕನ್ನಡ ಸಂಘದ ಕಾರ್ಯದರ್ಶಿ, ಕಣ್ಣೊರೆಸಿಕೊಂಡು ಕೇಳಿದ: "ಭೀಮಣ್ಣಾ, ಇದು ಯಾರ ದನಿ? ಭಾಳ ಚಲೋ ತಗದಿ."

ಅದು ಯಾರದೂ ಆಗಿರಲಿಲ್ಲ. ನಾನು ಆಗ ಅಣಕಿಸುತ್ತಿರಲಿಲ್ಲ, ಸಕ್ಕರೆ ಕಡಿಮೆ ಹಾಕು ಎಂದು ಹುಡುಗನಿಗೆ ಹೇಳುತ್ತಿದ್ದೆ.

ಸಿಗರೇಟಿನ ವಿಷಯ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹೌದು, ಉಗಿಬಂಡಿಯ ಹಾಗೆ ಸೇದಿದ್ದೇನೆ. ಈ ಬಗ್ಗೆ ನನಗೆ ಹೇಳಬೇಕಾದವರೆಲ್ಲ ಹೇಳಿ ಆಗಿದೆ.

ಮಾವಿನಕಾಯಿ ಬರುವ ಹೊತ್ತಿಗೆ ದನಿ ಕೆಟ್ಟಿತ್ತು. ಹಣ್ಣಾಗುವ ಹೊತ್ತಿಗೂ ಸರಿಹೋಗಲಿಲ್ಲ. ಕಸ್ತೂರಿ ಶುಂಠಿ ಕುಟ್ಟಿದಳು, ಅರಿಸಿನ ಹಾಕಿ ಹಾಲು ಕಾಯಿಸಿದಳು, ಒಂದು ದಿನ ಏನೂ ಮಾಡದೆ ನನ್ನ ಎದುರು ಬಂದು ಕುಳಿತಳು.

"ಡಾಕ್ಟರ್ ಕಡೆ ಹೋಗೋಣು ನಡೀರಿ."

"ಅಣಕ ಮಾಡಾಕತ್ತೀನಿ ಕಸ್ತೂರಿ. ಇದು ನನ್ನ ಹೊಸ ಐಟಮ್ಮು."

"ಅಲ್ಲ," ಎಂದಳು. ಅಷ್ಟೇ.

ನಾನು ಒಬ್ಬನೇ ಹೋದೆ. ಅವಳು ಬಂದರೆ ಡಾಕ್ಟರ ಮುಂದೆ ನನ್ನ ಸಿಗರೇಟಿನ ಚರಿತ್ರೆಯೆಲ್ಲ ಬಿಚ್ಚುತ್ತಾಳೆ ಎಂಬ ಅಂಜಿಕೆ. ದೊಡ್ಡ ಆಸ್ಪತ್ರೆ. ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿದರು. ಇಂಥ ತಪಾಸಣೆಗೆ ಹೋಗುವವರಿಗೆ ಒಂದು ಗುಟ್ಟು ಹೇಳುತ್ತೇನೆ. ಕ್ಯಾಮೆರಾ ಅತ್ತಿತ್ತ ಓಡಾಡುತ್ತಿರುವವರೆಗೆ ಭಯವಿಲ್ಲ. ಡಾಕ್ಟರು ಮಾತಾಡುತ್ತಿರುತ್ತಾರೆ, ಎಲ್ಲಿ ಇರುವುದು, ಎಷ್ಟು ಮಕ್ಕಳು ಎಂದು ಕೇಳುತ್ತಿರುತ್ತಾರೆ. ಆಮೇಲೆ ಕ್ಯಾಮೆರಾ ಒಂದು ಕಡೆ ನಿಲ್ಲುತ್ತದೆ. ಮಾತೂ ನಿಲ್ಲುತ್ತದೆ.

ನನ್ನದು ನಿಂತಿತು. ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕೈ ತೊಳೆದುಕೊಂಡರು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಹೇಳಿದರು: "ಅಗಲೀ ಬಾರ್ ಘರ್‌ವಾಲೋಂ ಕೋ ಲೇಕೆ ಆಯಿಯೇ." ಮುಂದಿನ ಸಲ ಮನೆಯವರನ್ನು ಕರೆದುಕೊಂಡು ಬನ್ನಿ.

ಡಾಕ್ಟರು ಈ ಮಾತು ಹೇಳಿದ ಮೇಲೆ ಬೇರೆ ಏನೂ ಹೇಳಬೇಕಾದ್ದಿಲ್ಲ. ಹೊರಗೆ ಬಂದು ಕಾಯುವವರ ಬೆಂಚಿನ ಮೇಲೆ ಕುಳಿತೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿಗೆ ಒಬ್ಬ ಮನುಷ್ಯ ಕೊರಳಿಗೆ ಬಿಳಿ ಬಟ್ಟೆಯ ತುಂಡು ಕಟ್ಟಿಕೊಂಡು ಕುಳಿತಿದ್ದ. ಆ ಬಟ್ಟೆ ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಯಿತು. ಅವನು ನನ್ನನ್ನು ನೋಡಿ, ಮೆಲ್ಲಗೆ ತಲೆಯಾಡಿಸಿದ. ಗುರುತಿನವರಿಗೆ ಮಾಡುವ ಹಾಗೆ.

ಮುಂದಿನ ಸಲ ಕಸ್ತೂರಿಯೂ ಮಗಳು ವಿದ್ಯಾಳೂ ಬಂದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು ಎಂದರು ಡಾಕ್ಟರು. ಕೊರಳ ಬುಡದಲ್ಲಿ ಒಂದು ತೂತು ಇರುತ್ತದೆ, ಉಸಿರಾಟವೆಲ್ಲ ಅಲ್ಲಿಂದಲೇ, ಬಾಯಿ ಊಟಕ್ಕೆ ಮಾತ್ರ. ವಿದ್ಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಕಸ್ತೂರಿ ಕೇಳಿದ್ದು ಒಂದೇ ಪ್ರಶ್ನೆ.

"ಊಟ ಮಾಡ್ತಾರಲ್ರಿ?"

"ಮಾಡ್ತಾರೆ."

"ಹಂಗಾದ್ರ ತಗೀರಿ."

ಆಪರೇಷನ್ನಿಗೆ ಎರಡು ದಿನ ಇರುವಾಗ ವಿದ್ಯಾ ಮೊಬೈಲ್ ಹಿಡಿದುಕೊಂಡು ಬಂದು, "ಅಪ್ಪಾ, ಏನರ ಮಾತಾಡ್ರಿ, ರೆಕಾರ್ಡ್ ಮಾಡ್ಕೊಂತೀನಿ" ಎಂದಳು. ನಾನು ಮಾತಾಡಿದೆ ನೋಡಿ. ಫೋರ್‌ಮನ್ ದನಿ ತೆಗೆದೆ, ಪಾನ್ ಅಂಗಡಿಯ ಚಾಚಾನದು, ಮೇಲಿನ ಮನೆಯ ತೆಲುಗು ಮಾಸ್ತರರದು, ತರಕಾರಿ ಗಾಡಿಯವಳದು. ಇದ್ದಬದ್ದ ದನಿಯಲ್ಲಿ ಎಲ್ಲರನ್ನೂ ಒಂದು ಸುತ್ತು ಕರೆದೆ. ವಿದ್ಯಾ ನಗುತ್ತ ನಗುತ್ತ ಅತ್ತಳು. ಎಷ್ಟೋ ದಿನದ ಮೇಲೆ ಅದನ್ನು ಹಾಕಿ ಕೇಳಿದಾಗ ತಿಳಿಯಿತು, ಅದರಲ್ಲಿ ಇಡೀ ಲಿಂಗಂಪಲ್ಲಿ ಇದೆ, ನಾನೊಬ್ಬ ಇಲ್ಲ. ತೀರಾ ಕೊನೆಯಲ್ಲಿ ಮಾತ್ರ, ರೆಕಾರ್ಡಿಂಗ್ ನಿಂತಿದೆ ಎಂದುಕೊಂಡು ನಾನು ಹೇಳಿದ ಒಂದು ಮಾತು ಉಳಿದಿದೆ: "ಆತೇನು? ಬಂದ್ ಮಾಡು."

ನನ್ನ ಸ್ವಂತ ದನಿ ಎಂದು ಈ ಭೂಮಿಯ ಮೇಲೆ ಇರುವುದು ಅಷ್ಟೇ.

ಆಪರೇಷನ್ ಆಯಿತು. ಎಚ್ಚರವಾದಾಗ ಕಸ್ತೂರಿಯನ್ನು ಕರೆದೆ. ನಾಲಿಗೆ ಹೊರಳಿತು, ತುಟಿ ಅಲುಗಿತು, ಶಬ್ದ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಗೊತ್ತಿರುವುದು ಬೇರೆ. ಬಾವಿಗೆ ಕೊಡ ಇಳಿಸಿದ್ದೀರಿ, ಹಗ್ಗ ಮಾತ್ರ ಮೇಲೆ ಬಂತು ಎಂದಿಟ್ಟುಕೊಳ್ಳಿ. ಸಾಲದ್ದಕ್ಕೆ ಕೆಮ್ಮು ಕೊರಳಿಂದ ಬಂತು. ಸೀನು ಕೊರಳಿಂದ ಬಂತು. ಸೀನುವಾಗ ನಾನು ಹಳೆಯ ಅಭ್ಯಾಸದಿಂದ ಮೂಗಿಗೆ ಕೈ ಅಡ್ಡ ಹಿಡಿದೆ, ಕಸ್ತೂರಿಯ ಸೀರೆ ಹಾಳಾಯಿತು. ಮನೆಗೆ ಬಂದಮೇಲೆ ಒಗ್ಗರಣೆಯ ವಾಸನೆ ಬರಲಿಲ್ಲ. ಉಸಿರು ಮೂಗಿನ ದಾರಿ ಹಿಡಿಯದಿದ್ದರೆ ವಾಸನೆಯೂ ಇಲ್ಲ. ಹಾಲು ಉಕ್ಕಿ ಸೀದರೂ ತಿಳಿಯದ ಮೂಗು ಮುಖದ ಮೇಲೆ ಸುಮ್ಮನೆ ಕುಳಿತಿತ್ತು.

ಆಸ್ಪತ್ರೆಯಿಂದ ಬಿಡುವ ಮೊದಲು ಮಾತು ಕಲಿಸುವವರು ಬಂದರು. ಶೈಲಜಾ ಎಂದು, ಸಣ್ಣ ವಯಸ್ಸಿನ ಹೆಣ್ಣುಮಗಳು, ತಾರ್ನಾಕದಲ್ಲಿ ಅವರದೇ ಸ್ಪೀಚ್ ಥೆರಪಿ ಕ್ಲಿನಿಕ್ ಇದೆ. ತಾಯಿ ರಾಯಚೂರಿನವರಂತೆ, ಹಾಗಾಗಿ ತೆಲುಗಿನ ರುಚಿ ಹತ್ತಿದ ಕನ್ನಡ ಬರುತ್ತಿತ್ತು. ಮಾತಿನ ಬಗ್ಗೆ ಅವರು ಆ ದಿನ ಏನೂ ಹೇಳಲಿಲ್ಲ. ಕಸ್ತೂರಿಯನ್ನೂ ವಿದ್ಯಾಳನ್ನೂ ಹತ್ತಿರ ನಿಲ್ಲಿಸಿಕೊಂಡು ನನ್ನ ಕೊರಳಿನ ಕಡೆ ಬೆರಳು ತೋರಿಸಿದರು.

"ಇನ್ನ ಇದೇ ಇವರ ಮೂಗು, ಇದೇ ಬಾಯಿ. ಸ್ನಾನದಾಗ ನೀರು ಹೋಗಬಾರದು. ದಿಂಬು, ರಗ್ಗು, ಮಫ್ಲರು, ಏನೂ ಇದರ ಮ್ಯಾಲೆ ಬರಬಾರದು. ಮುಚ್ಚಿದರ ಅಂಕಲ್‌ಗೆ ಭಾಳ ಹೊತ್ತು ಇರೋದಿಲ್ಲಮ್ಮಾ. ಇನ್ನೊಂದು ನೆಪ್ಪಿಡ್ರಿ, ಕೂಗಾಕ ಆಗೋದಿಲ್ಲ. ಒಂದು ಗುರುತು ಮಾಡ್ಕೋರಿ, ಮನಿಮಂದಿಗೆಲ್ಲ ಗೊತ್ತಿರೋವಂಥದ್ದು."

ಕಸ್ತೂರಿ ಯೋಚಿಸಿ ಹೇಳಿದಳು: "ಚಪ್ಪಾಳಿ ಹೊಡೀರಿ. ಅಡಗಿಮನ್ಯಾಗ ಇದ್ರೂ ಕೇಳಿಸ್ತೈತಿ. ಎಲ್ಲಿದ್ರೂ ಬರ್ತೀನಿ."

ಹೀಗೆ ಚಪ್ಪಾಳೆ ನಮ್ಮ ಗುರುತಾಯಿತು.

ಈಗ ನಿಮಗೆ ಬೇಸರ ಆಗಬಹುದು, ಆದರೆ ನಾನು ನಾನೇ. ಮನೆಗೆ ಬಂದ ವಾರದಲ್ಲೇ ವಿದ್ಯಾ ಪಕ್ಕದ ಕೋಣೆಯಲ್ಲಿದ್ದಾಗ ಚಪ್ಪಾಳೆ ಹೊಡೆದೆ. ಒಂದೇ ನೆಗೆತಕ್ಕೆ ಬಂದಳು, ಮುಖ ಸುಣ್ಣ. ನಾನು ಟಿ.ವಿ. ರಿಮೋಟ್ ಕೇಳಿದೆ. ಪಾಟೀಲ ನೋಡಲು ಬಂದಾಗಲೂ ಹೊಡೆದೆ. ಅವನು ಚಹಾ ಚೆಲ್ಲಿಕೊಂಡು, "ಥೂ ನಿನ್ನ, ಗಂಟಲ ಕೊಯ್ದ್ರೂ ಚಾಳಿ ಹೋಗಲಿಲ್ಲಲ್ಲೋ" ಎಂದು ನಕ್ಕ. ಕಸ್ತೂರಿಯ ಮೇಲೆ ಪ್ರಯೋಗಿಸಿದಾಗ ಅವಳು ಬಾಗಿಲವರೆಗೂ ಬಂದು, ನನ್ನ ಮುಖ ನೋಡಿ ಹಿಂದಿರುಗಿದಳು. ರೊಟ್ಟಿ ತಟ್ಟುವ ಸದ್ದು ಮತ್ತೆ ಕೇಳಿಸಿತು.

ವಿದ್ಯಾ ಇದನ್ನು ಶೈಲಜಾಗೆ ಹೇಳಿಬಿಟ್ಟಳು. ಅವರು ನಗಲಿಲ್ಲ. "ಅಂಕಲ್, ಇದರಾಗ ಮಜಾಕ್ ನಕ್ಕೋ, ಚೇಷ್ಟೆ ಬ್ಯಾಡ. ನಿಮಗ ಉಳಿದಿರೋದು ಇದೊಂದೇ ಕೂಗು. ಇದನ್ನೂ ಆಟಕ್ಕ ಹಚ್ಚಿದರ ಮುಂದ ಯಾರು ಬರ್ತಾರ?"

ತಾರ್ನಾಕದ ಆ ಕ್ಲಿನಿಕ್ಕಿಗೆ ನಾವು ಲಿಂಗಂಪಲ್ಲಿಯಿಂದ ಲೋಕಲ್ ರೈಲಿನಲ್ಲಿ ಹೋಗಿ, ಇಳಿದು ಆಟೋ ಹಿಡಿಯುತ್ತಿದ್ದೆವು. ಕೊರಳಿಗೆ ಕಸ್ತೂರಿ ಹೊಲಿದ ಬಟ್ಟೆ. ನನ್ನ ಹಳೆಯ ಧೋತರಗಳನ್ನು ಕತ್ತರಿಸಿ, ಗಾಳಿ ಆಡುವ ಹಾಗೆ ಸಡಿಲಾಗಿ ಹೊಲಿದು, ದಿನಕ್ಕೊಂದರಂತೆ ಇಸ್ತ್ರಿ ಮಾಡಿ ಇಡುತ್ತಿದ್ದಳು. ಧೂಳು ಮೂಗಿನ ಕೂದಲನ್ನು ದಾಟಿ ಬರಬೇಕಾದ ಕಷ್ಟ ಈಗ ಇಲ್ಲ, ನೇರ ಎದೆಗೆ. ಮೆಟ್ರೋ ಕಂಬಕ್ಕೆ ಅಗೆಯುವವರು, ಫ್ಲಾಟ್ ಕಟ್ಟುವವರು, ಹೈದರಾಬಾದಿನಲ್ಲಿ ಧೂಳಿಗೆ ಬರವಿಲ್ಲ. ಒಬ್ಬ ಬೀಡಿ ಹಚ್ಚಿದರೆ ನಾನು ಬೋಗಿ ಬದಲಾಯಿಸುತ್ತಿದ್ದೆ. ನನ್ನಂಥವನು, ಬೀಡಿಗೆ ಹೆದರಿ.

ಮೊದಲು ಶೈಲಜಾ ಒಂದು ಯಂತ್ರ ಕೊಟ್ಟರು. ಟಾರ್ಚಿನ ಹಾಗೆ ಇರುತ್ತದೆ, ಗದ್ದದ ಕೆಳಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ, ಬಾಯಿ ಆಡಿಸಿದರೆ ಆ ಗುಂಯ್ ಮಾತಾಗುತ್ತದೆ. ಸಿಟ್ಟಿಗೂ ಪ್ರೀತಿಗೂ ಒಂದೇ ರಾಗ. ಜೀವಮಾನವಿಡೀ ನೂರು ದನಿ ತೆಗೆದವನಿಗೆ ಒಂದೇ ರಾಗದ ಡಬ್ಬಿ. ರೈಲಿನಲ್ಲಿ ಅದನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು, ಮುಖ ಕಿಟಕಿಯ ಕಡೆ ತಿರುಗಿಸಿ, "ಟಿಕೆಟ್ ದಿಖಾವೋ" ಎಂದರೆ ಬೋಗಿಯೆಲ್ಲ ಜೇಬು ತಡಕಾಡುತ್ತ ದನಿ ಎಲ್ಲಿಂದ ಬಂತು ಎಂದು ಚಾವಣಿ ನೋಡುತ್ತಿತ್ತು. ಅಷ್ಟು ಸುಖ ಅದರಿಂದ ಸಿಕ್ಕಿತು, ಸುಳ್ಳು ಹೇಳಬಾರದು. ಆದರೆ ಮನೆಯಲ್ಲಿ ಅದನ್ನು ಒತ್ತಿಕೊಂಡು "ಕಸ್ತೂರಿ" ಎಂದಾಗ ಅವಳ ತೋಳಿನ ಮೇಲೆ ಕೂದಲು ನಿಂತದ್ದನ್ನು ನೋಡಿದೆ. ನಾನು ಯಂತ್ರವನ್ನು ಡಬ್ಬಿಯಲ್ಲಿಟ್ಟೆ.

ಇನ್ನೊಂದು ದಾರಿ ಇದೆ ಎಂದರು ಶೈಲಜಾ. ಗಾಳಿಯನ್ನು ಅನ್ನನಾಳಕ್ಕೆ ನುಂಗಿ, ಅದನ್ನೇ ಮೇಲಕ್ಕೆ ತೇಗಿ, ಆ ತೇಗನ್ನು ಮಾತು ಮಾಡುವುದು. ಕಸ್ತೂರಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ತೇಗೂದು ಇವರಿಗೆ ಕಲಿಸಬೇಕೇನ್ರಿ?" ಎಂದಳು. ನಾನೂ ಹಾಗೇ ತಿಳಿದಿದ್ದೆ. ಗದಗಿನಲ್ಲಿ ಊಟವಾದ ಮೇಲೆ ನಾನು ತೇಗಿದರೆ ಓಣಿಯ ತುದಿಯಲ್ಲಿ ನಾಯಿ ಏಳುತ್ತಿತ್ತು. ಆದರೆ ಬೇಕೆಂದಾಗ ತೇಗಲು ಹೋಗಿ ನೋಡಿ. ಸೋಡಾ ಕುಡಿದೆ, ಗಾಳಿ ನುಂಗಿದೆ, ಹೊಟ್ಟೆ ತಮಟೆಯಾಯಿತು, ಮೇಲೆ ಮಾತ್ರ ಏನೂ ಬರಲಿಲ್ಲ. ಬಂದದ್ದು ಆಟೋದಲ್ಲಿ ಕುಳಿತ ಮೇಲೆ.

ಆ ಕ್ಲಿನಿಕ್ಕಿನಲ್ಲಿ ಹೆಚ್ಚಿನವರು ಮಕ್ಕಳು. ತೊದಲುವವರು, ಕಿವಿಗೆ ಯಂತ್ರ ಹಾಕಿಕೊಂಡವರು, ಮಾತೇ ಬಾರದವರು. ಕಾಯುವ ಕೋಣೆಯಲ್ಲಿ ನನ್ನ ಕೊರಳು ಕಂಡರೆ ತಾಯಂದಿರು ಮಕ್ಕಳ ಮುಖ ಆಚೆ ತಿರುಗಿಸುತ್ತಿದ್ದರು. ತಿರುಗಿಸದಿದ್ದವಳು ಒಬ್ಬಳೇ, ಮಲ್ಲಿ ಎಂಬ ಪುಟ್ಟ ಹುಡುಗಿಯ ತಾಯಿ. ಯಾದಗಿರಿ ಕಡೆಯವರು, ಶಂಶಾಬಾದಿನಲ್ಲಿ ಕಟ್ಟಡದ ಕೆಲಸ. ಮಲ್ಲಿಗೆ ಅಂಗುಳ ಸೀಳಿತ್ತು, ಹೊಲಿಗೆ ಹಾಕಿ ಆಗಿತ್ತು, ಆದರೆ ಗಾಳಿ ಇನ್ನೂ ಮೂಗಿನಿಂದಲೇ ಹೋಗಿ ಮಾತೆಲ್ಲ ಮೂಗಾಗುತ್ತಿತ್ತು. ಅವಳು ಮೇಜಿನ ಮೇಲಿನ ಕಾಗದದ ಚೂರುಗಳನ್ನು ಬಾಯಿಂದ ಊದಿ ಹಾರಿಸಬೇಕು. ನಾನು ಊದದೆ ಮಾತಾಡಬೇಕು. ಇಬ್ಬರಿಗೂ ಮೊದಲ ಪಾಠ ಒಂದೇ, "ಪಾ".

ಮಲ್ಲಿ ನನ್ನ ಮುಂದೆ ಬಂದು ನಿಂತು, ಬಗ್ಗಿ, ಬಟ್ಟೆಯ ಕೆಳಗೆ ಇಣುಕಿ ನೋಡಿ ತಾಯಿಗೆ ವರದಿ ಒಪ್ಪಿಸಿದಳು. ಮೂಗಿನಲ್ಲಿ ಹೇಳಿದ್ದು ನನಗೆ ತಿಳಿಯಲಿಲ್ಲ.

"ಏನಂತಾಳ?" ಎಂದು ಕಸ್ತೂರಿ ಕೇಳಿದಳು.

ತಾಯಿ ನಾಚಿಕೊಂಡಳು. "ಏನಿಲ್ಲರೀ ಯಕ್ಕಾ. ಮುತ್ಯಾನ ಉಸುರು ಕಾಣಸ್ತದ ಅಂತಾಳ." ಮುತ್ಯಾ ಎಂದರೆ ಅವರ ಕಡೆ ಅಜ್ಜ, ಅಂದರೆ ನಾನು.

ನಾವಿಬ್ಬರೂ ಪಂದ್ಯ ಕಟ್ಟಿದೆವು, ಯಾರ "ಪಾ" ಮೊದಲು ಬರುತ್ತದೆ ಎಂದು. ನಾನೇ ಗೆಲ್ಲುತ್ತೇನೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅವಳಿಗೆ ಓದಲು ಬರದು, ಆದರೂ ಮುಖ ನೋಡಿ ಅರ್ಥ ಮಾಡಿಕೊಂಡು ನಾಲಿಗೆ ಚಾಚಿದಳು. ದಸರೆಯ ಮುಂಚಿನ ಒಂದು ಬೆಳಿಗ್ಗೆ ಅವಳು ಊದಿದ ಕಾಗದದ ಚೂರು ಮೇಜು ದಾಟಿ ನನ್ನ ಮಡಿಲಿಗೆ ಬಿತ್ತು, ಹಿಂದೆಯೇ ಒಂದು ದುಂಡನೆಯ "ಪಾ". ನಾನು ಸೋತೆ. ನನ್ನ ಗಂಟಲಲ್ಲಿ ಆಗ ಬರುತ್ತಿದ್ದದ್ದು ಕಪ್ಪೆಯೊಂದು ಕೊಡದಲ್ಲಿ ಬಿದ್ದ ಸದ್ದು.

ಇಷ್ಟರಲ್ಲಿ ರಾಜ್ಯೋತ್ಸವ ಬಂತು. ಪಾಟೀಲ ಮನೆಗೆ ಬಂದು, ಸಂಘದಿಂದ ನನಗೆ ಸನ್ಮಾನ ಎಂದ. "ಧೈರ್ಯದ ಮನುಷ್ಯಾ ಅಂತ ಮಾಡಾಕತ್ತೀವಿ ಭೀಮಣ್ಣಾ. ನಿನ್ನ ಸಲುವಾಗಿ ಮಂದಿ ಬರ್ತಾರ." ನಾನು ಸ್ಲೇಟಿನಲ್ಲಿ ಬರೆದೆ: ಹಾರ ದೊಡ್ಡದು ತರಬೇಕು. ಹೋದ ವರ್ಷ ಸನ್ಮಾನವಾದ ಪ್ರೊಫೆಸರರ ಹಾರಕ್ಕಿಂತ ದೊಡ್ಡದು. ಕಸ್ತೂರಿ ಆ ಸ್ಲೇಟು ನೋಡಿ, "ಹಾರ ಕೈಯಾಗ ಕೊಡಾಕ ಹೇಳ್ರಿ" ಎಂದಳು. ಪಾಟೀಲ ಹೂಂ ಎಂದ. ಸನ್ಮಾನವೆಂದರೆ ನಮ್ಮವರಿಗೆ ಏನೆಂದು ನಿಮಗೆ ಗೊತ್ತು. ಕೈಯಲ್ಲಿ ಕೊಟ್ಟರೆ ಅದು ಸನ್ಮಾನವೇ ಅಲ್ಲ.

ವೇದಿಕೆಯ ಮೇಲೆ ಎತ್ತರದ ಕುರ್ಚಿ. ಮೊದಲು ತಲೆಗೆ ಪೇಟ ಇಟ್ಟರು. ಮಡಿಲಲ್ಲಿ ಹಣ್ಣಿನ ಬುಟ್ಟಿ, ಅದರ ಮೇಲೆ ತೆಂಗಿನಕಾಯಿ, ಅದರ ಮೇಲೆ ಗಾಜಿನ ನೆನಪಿನ ಕಾಣಿಕೆ. ಎರಡೂ ಕೈ ಅದಕ್ಕೇ ಬೇಕು. ಆಮೇಲೆ ಶಾಲು. ಸಂಘದ ಅಧ್ಯಕ್ಷರು ಬೆನ್ನ ಮೇಲೆ ಹೊದಿಸಿದರು. ಅದು ಜಾರಿತು. ಜಾರಿದ ಶಾಲು ಫೋಟೋಕ್ಕೆ ಚೆಂದ ಕಾಣುವುದಿಲ್ಲ ಎಂದು ಪಾಟೀಲ ಎರಡೂ ಅಂಚು ಮುಂದಕ್ಕೆ ಎಳೆದು, ಕೊರಳಲ್ಲಿ ಸುತ್ತಿ, ಒಳಗೆ ಸಿಕ್ಕಿಸಿದ. ಬಿಗಿಯಾಗಿ, ಪ್ರೀತಿಯಿಂದ. ಅದರ ಮೇಲೆ ಹಾರ. ನಾನೇ ಕೇಳಿ ಪಡೆದ ದೊಡ್ಡ ಹಾರ, ನೀರು ಚಿಮುಕಿಸಿದ ಸುಗಂಧರಾಜ, ಒದ್ದೆ ಹಗ್ಗದ ತೂಕ.

ಉಸಿರು ಎಳೆದೆ. ಬಟ್ಟೆ ಬಂತು. ಮತ್ತೆ ಎಳೆದೆ. ಬಟ್ಟೆ ಇನ್ನಷ್ಟು ಒಳಗೆ ಬಂತು.

ಕಾಣಿಕೆಯನ್ನು ಬುಟ್ಟಿಯಲ್ಲಿ ಬಿಟ್ಟು ಕೈ ಎತ್ತಿ ಶಾಲು ಹಿಡಿದೆ. ಅಧ್ಯಕ್ಷರು ನನ್ನ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದರು. "ಇರ್ಲಿ ಇರ್ಲಿ ರಾಯರ, ಫೋಟೋ ಆಗ್ಲಿ." ವಿನಯಕ್ಕೆ ಹಾರ ತೆಗೆಯುತ್ತಿದ್ದೇನೆ ಎಂದು ಅವರು ತಿಳಿದರು. ಎಲ್ಲ ದೊಡ್ಡವರೂ ಹಾಗೇ ತಾನೆ ಮಾಡುವುದು, ಹಾಕಿದ ಕೂಡಲೇ ಹಾರ ತೆಗೆದು ಮೇಜಿನ ಮೇಲಿಡುವುದು. ಮತ್ತೆ ಎಳೆದೆ. ಈ ಸಲ ಪಾಟೀಲ ಸರಿಪಡಿಸಿದ. ನಾನು ಸಡಿಲು ಮಾಡಿದಷ್ಟೂ ಅವರು ಗೌರವದಿಂದ ಬಿಗಿ ಮಾಡಿದರು.

ಆಗ ಗುರುತು ನೆನಪಾಯಿತು. ಚಪ್ಪಾಳೆ ಹೊಡೆದೆ.

ಸಭೆಯೆಲ್ಲ ಚಪ್ಪಾಳೆ ಹೊಡೆಯುತ್ತಿತ್ತು. ಒಬ್ಬ ಮನುಷ್ಯ ತನ್ನ ಸನ್ಮಾನಕ್ಕೆ ತಾನೇ ಚಪ್ಪಾಳೆ ತಟ್ಟಿಕೊಳ್ಳುವುದನ್ನು ನೋಡಿ ಜನ ಇನ್ನೂ ಜೋರಾಗಿ ತಟ್ಟಿದರು. ಪಾಟೀಲ ಮೈಕಿನಲ್ಲಿ, "ನೋಡ್ರಿ, ನಮ್ಮ ಭೀಮಣ್ಣನ ಆಟ ಇನ್ನೂ ಮುಗಿದಿಲ್ಲ" ಎಂದ. ನಗು ಎದ್ದಿತು. ನಾನು ಕಣ್ಣು ಅಗಲಿಸಿದೆ, ಬಾಯಿ ತೆರೆದೆ, ಕುರ್ಚಿಯಲ್ಲಿ ಹೊರಳಾಡಿದೆ. ಒಂದೊಂದಕ್ಕೂ ನಗು ಏರಿತು. ಜೀವಮಾನದಲ್ಲಿ ನನಗೆ ಅಷ್ಟು ನಗು ಎಂದೂ ಸಿಕ್ಕಿರಲಿಲ್ಲ. ಬುಟ್ಟಿ ಉರುಳಿತು. ದೀಪಗಳ ಅಂಚು ಕಪ್ಪಾಗುತ್ತ ಬಂತು, ಸದ್ದು ದೂರ ಹೋಯಿತು, ಯಾರೋ ಸಭಾಂಗಣವನ್ನು ಎತ್ತಿಕೊಂಡು ಹೋಗುತ್ತಿರುವ ಹಾಗೆ.

ಕಸ್ತೂರಿ ಹೆಂಗಸರ ಕಡೆ ಕುಳಿತಿದ್ದಳು. ಅವಳು ಮೆಟ್ಟಿಲು ಹತ್ತಿದ್ದು ನಾನು ಕಾಣಲಿಲ್ಲ. ಹಾರ ಹರಿದದ್ದು ಗೊತ್ತಾಯಿತು. ದಾರ ಕಿತ್ತು ಹೂವೆಲ್ಲ ವೇದಿಕೆಯ ಮೇಲೆ ಉದುರಿತು. ಯಾರೋ ಅಪಶಕುನ ಎಂದರು. ಅಧ್ಯಕ್ಷರು "ಅಮ್ಮಾ, ಏನಿದು" ಎಂದು ಅಡ್ಡ ಬಂದರು, ಅವಳು ಅವರ ಎದೆಗೆ ಕೈಯಿಟ್ಟು ಹಿಂದೆ ದಬ್ಬಿದಳು. ಶಾಲು ಕಿತ್ತೆಸೆದು, ಕೊರಳಿಗೆ ಅಂಟಿದ ಒದ್ದೆ ಎಸಳುಗಳನ್ನು ಬೆರಳಿನಿಂದ ತೆಗೆದಳು. ಗಾಳಿ ಒಳಗೆ ಹೋದ ಸದ್ದು ಪಾಟೀಲನ ಕೈಯಿಂದ ಬಿದ್ದಿದ್ದ ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತಂತೆ. ಆಗ ಚಪ್ಪಾಳೆ ನಿಂತಿತು.

ಪಾಟೀಲ ಮನೆಗೆ ಬಂದು ಅತ್ತ. ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಬಿಗಿಯಾಗಿಯೇ ಸಿಕ್ಕಿಸುತ್ತಿದ್ದೆ.

ಅವನು ಹೋದಮೇಲೆ ಕಸ್ತೂರಿಯನ್ನು ಸ್ಲೇಟಿನಲ್ಲಿ ಕೇಳಿದೆ. ಎಲ್ಲರೂ ಆಟ ಎಂದುಕೊಂಡರು, ನಿನಗೆ ಹೇಗೆ ತಿಳಿಯಿತು?

ಅವಳು ಸೊಪ್ಪು ಬಿಡಿಸುತ್ತಿದ್ದಳು. "ನೀವು ಆಟ ಆಡೋವಾಗ ಮಂದಿ ಮಾರಿ ನೋಡ್ತೀರಿ. ನಂಬಿದ್ರೋ ಇಲ್ಲೋ ಅಂತ. ಮೊದಲಿಂದ್ಲೂ ನೋಡ್ತೀರಿ. ಅವತ್ತು ನೀವು ಯಾರ ಮಾರೀನೂ ನೋಡ್ಲಿಲ್ಲ."

ಅಷ್ಟು ವರ್ಷ ನನ್ನಿಂದ ಬಚ್ಚಿಟ್ಟ ಗುಟ್ಟು ಇಷ್ಟೇ ಆಗಿತ್ತು. ಹೇಳಿದ ಮೇಲೆ ಅವಳಿಗೆ ಹೇಳಬಾರದಿತ್ತು ಎನಿಸಿರಬೇಕು. ನನಗೆ ಖುಷಿಯಾಯಿತು, ಇನ್ನು ಮುಂದೆ ಮುಖ ನೋಡದೆ ಸುಳ್ಳು ಹೇಳಿದರಾಯಿತು ಎಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ತೇಗು ಹತೋಟಿಗೆ ಬಂತು. ಮೊದಲು "ಪಾ", ಆಮೇಲೆ "ಟಾ", "ಕಾ". ಒಂದು ದಿನ ಶೈಲಜಾ ಎದುರು "ಕಾ" ಎಂದವನು ನಿಲ್ಲಿಸದೆ ಹೆಂಡತಿಯ ಹೆಸರು ಪೂರ್ತಿ ಮುಗಿಸಿದೆ. ಒರಟು ದನಿ, ಗೋಣಿಚೀಲ ಎಳೆದ ಹಾಗೆ. ಆದರೆ ಏರುತ್ತದೆ, ಇಳಿಯುತ್ತದೆ, ನನ್ನ ಹೊಟ್ಟೆಯಿಂದ ಬರುತ್ತದೆ. ಕಾಯುವ ಕೋಣೆಯಲ್ಲಿದ್ದ ಕಸ್ತೂರಿ "ಬಂದೆ" ಎಂದಳು, ಅಡುಗೆಮನೆಯಿಂದ ಹೇಳುವ ಹಾಗೆ. ಆಮೇಲೆ ಅವಳಿಗೇ ಅರ್ಥವಾಗಿ ಬಾಗಿಲಲ್ಲಿ ನಿಂತುಬಿಟ್ಟಳು. ಮಲ್ಲಿ ಅಲ್ಲೇ ಇದ್ದಳು. ಈಗ ಅವಳ ಮಾತು ನನಗೆ ತಿಳಿಯುತ್ತಿತ್ತು. "ಮುತ್ಯಾಂದು ಭಾಳ ತಡಾ ಆಯ್ತು," ಎಂದಳು.

ಈಗ ನಾನು ದಿನವೂ ಚಹಾದಂಗಡಿಗೆ ಹೋಗುತ್ತೇನೆ. ಫೋರ್‌ಮನ್ ದನಿ ಬರುವುದಿಲ್ಲ, ನನ್ನದೊಂದೇ. ಹೋದ ವಾರ ತಪಾಸಣೆಗೆ ಹೋಗಿದ್ದೆ. ಕಸ್ತೂರಿಗೆ ಮೊಣಕಾಲು ನೋವಿತ್ತು, ಒಬ್ಬನೇ ಹೋದೆ. ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿ, ಎಲ್ಲ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ ಎಂದರು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನಾಳೆ ಆ ಬೆಂಚಿನ ಮೇಲೆ ಕೂರುವವರಿದ್ದರೆ, ಎದುರಿಗೆ ಕೊರಳಿಗೆ ಬಟ್ಟೆ ಕಟ್ಟಿಕೊಂಡವನು ಕಂಡರೆ ಮುಖ ತಿರುಗಿಸಬೇಡಿ. ಅದು ನಾನಿರಬಹುದು. ತಲೆಯಾಡಿಸುತ್ತೇನೆ. ಮಾತು ಬರುತ್ತದೆ, ಹೊಟ್ಟೆಯೊಳಗಿಂದಾದರೂ ಬರುತ್ತದೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಸನ್ಮಾನ ಮಾಡಬೇಡಿ. ಮಾಡಲೇಬೇಕೆಂದರೆ ಶಾಲು ಕೈಯಲ್ಲಿ ಕೊಡಿ.

ಹುಟ್ಟಿಸಿದ ವಿವರ ಸಿಕ್ಕಿತೆ? ಶಾಲು ಅಲ್ಲ, ಕ್ಯಾಂಟೀನ್ ಅಲ್ಲ, ಓಣಿಯ ನಾಯಿಯೂ ಅಲ್ಲ.

ಡಾಕ್ಟರು ಆರು ತಿಂಗಳು ಎನ್ನಲಿಲ್ಲ. ಕ್ಯಾಮೆರಾ ಇಳಿದಾಗ ಮಾತಾಡುತ್ತಿದ್ದರು, ಮಗಳು ಏನು ಮಾಡುತ್ತಾಳೆ ಎಂದು ಕೇಳುತ್ತಿದ್ದರು. ಆಮೇಲೆ ಮಾತು ನಿಂತಿತು. ಕೈ ತೊಳೆದುಕೊಂಡು, ಬೆರಳು ಒರೆಸಿಕೊಳ್ಳುತ್ತ, ಗುರುವಾರ ಬನ್ನಿ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು.

ಆರು ತಿಂಗಳು ಎಂಬುದು ನಾನು ಕಸ್ತೂರಿಗೆ ಹೇಳಿದ್ದು. ರೈಲಿನಲ್ಲಿ ಬರುವಾಗ ದಾರಿಯುದ್ದ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಹೊಸ ದನಿಯಲ್ಲಿ, ಒಂದು ಅಕ್ಷರ ಕೆಡದ ಹಾಗೆ ಹೇಳಿದೆ. ಮುಖ ನೋಡಬಾರದು ಎಂಬುದು ನೆನಪಿತ್ತು. ಗೋಡೆಯ ಕ್ಯಾಲೆಂಡರ್ ನೋಡುತ್ತಲೇ ಹೇಳಿ ಮುಗಿಸಿದೆ.

ಮುಗಿಸಿದ ಮೇಲೆ ನೋಡಿಬಿಟ್ಟೆ. ನಂಬಿದಳೋ ಇಲ್ಲವೋ ಎಂದು.

ಅವಳು ಇಸ್ತ್ರಿ ಮಾಡುತ್ತಿದ್ದಳು. ಕೊರಳಿನ ಬಟ್ಟೆಯೊಂದನ್ನು ಮಡಿಸಿ ಬದಿಗಿಟ್ಟು, ಇನ್ನೊಂದನ್ನು ಹರವಿದಳು.

"ಯಾವ ವಾರ ಬರಾಕ ಹೇಳ್ಯಾರ?" ಎಂದಳು.